ಕೇಳದೇ ಕಳಿಸಿದ ಫೈಲ್ ಹೆಸರುಗಳ ಬಗ್ಗೆ ದೂರು

ಇಂದ,
ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿಯ ಮಾಲಕಿ, ವಿಜಯಪುರ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ಸಾಫ್ಟ್‌ವೇರ್ ನನ್ನ ಗಿರಾಕಿಗಳ ಹೆಸರನ್ನು ಹೊರಗೆ ಕಳಿಸಿದ್ದು

ಮಾನ್ಯರೇ,

ವಿಜಯಪುರದಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಸಣ್ಣ ಟೈಪಿಂಗ್ ಅಂಗಡಿ ಇದೆ. ಐದು ವರ್ಷದಿಂದ ನಿಮ್ಮ ಓಪನ್ ಸೋರ್ಸ್ (ಕೋಡ್ ಯಾರು ಬೇಕಾದರೂ ನೋಡಬಹುದಾದ) ಆಫೀಸ್ ಸಾಫ್ಟ್‌ವೇರ್‌ನಲ್ಲೇ ಕೆಲಸ. ಸಾಫ್ಟ್‌ವೇರ್ ಪುಕ್ಕಟೆ, ಆದರೂ ನಿಮ್ಮ ಸಪೋರ್ಟ್‌ಗೆ ಪ್ರತಿ ವರ್ಷ ದುಡ್ಡು ಕಟ್ಟುತ್ತೇನೆ.

ಕಳೆದ ತಿಂಗಳು ಅಪ್‌ಡೇಟ್ ಹಾಕಿಕೊಂಡೆ. ಅಂದಿನಿಂದ ದೊಡ್ಡ ಫೈಲ್ ತೆರೆದರೆ ಸಾಫ್ಟ್‌ವೇರ್ ತಾನಾಗಿಯೇ ಬಂದ್ ಆಗುತ್ತಿತ್ತು. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗ ರಜೆಗೆ ಬಂದಿದ್ದ. ಅವನು ಕಾರಣ ಹುಡುಕುತ್ತಾ ಹೋಗಿ ಒಂದು ಫೋಲ್ಡರ್ ತೋರಿಸಿದ. ಅದರಲ್ಲಿ 11 ಕ್ರ್ಯಾಶ್ ರಿಪೋರ್ಟ್, ಅಂದರೆ ಸಾಫ್ಟ್‌ವೇರ್ ಬಂದ್ ಆದಾಗ ತಾನೇ ಬರೆದು ನಿಮಗೆ ಕಳಿಸುವ ವರದಿಗಳು, ಇದ್ದವು. 9ರ ಮೇಲೆ ‘ಕಳಿಸಲಾಗಿದೆ’ ಅಂತ ಗುರುತಿತ್ತು. ಇನ್ನೆರಡು ಇಂಟರ್ನೆಟ್ ಬರಲಿ ಅಂತ ಕಾಯುತ್ತಿದ್ದವು.

ತೆರೆದು ಓದಿದೆವು. ಯಾವ ಆವೃತ್ತಿ, ಮೆಮೊರಿ ಎಷ್ಟು, ಕೊನೆಗೆ ಯಾವ ಬಟನ್ ಒತ್ತಿದ್ದು. ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಕೆಳಗೆ ನೋಡಿದರೆ, ಆಗ ತೆರೆದಿದ್ದ ಫೈಲ್ ಯಾವ ಫೋಲ್ಡರ್‌ನಲ್ಲಿದೆ, ಅದರ ಹೆಸರೇನು, ಎಲ್ಲಾ ಪೂರ್ತಿ ಇತ್ತು.

ನನ್ನ ಅಂಗಡಿಯಲ್ಲಿ ಫೈಲ್‌ಗೆ ಹೆಸರಿಡುವ ರೀತಿ ಹೇಳುತ್ತೇನೆ. ಮೊದಲು ಊರು, ಆಮೇಲೆ ಗಿರಾಕಿಯ ಹೆಸರು, ಆಮೇಲೆ ಕೆಲಸ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯಿಂದ ಜನ ಬರುತ್ತಾರೆ. ಒಬ್ಬರದು ಆಸ್ತಿ ಪಾಲಿನ ವಾಟ್ನಿ ಪತ್ರ, ಇನ್ನೊಬ್ಬರದು ಸಾಲದ ನೋಟಿಸಿಗೆ ಉತ್ತರ. ಗಂಡ ಬಿಟ್ಟ ಹೆಣ್ಣುಮಗಳು ಜೀವನಾಂಶದ ಅರ್ಜಿ ಬರೆಸುವಾಗ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಮಾತಾಡುತ್ತಾಳೆ. ಅಂಥ ಒಬ್ಬಳ ಊರು, ಹೆಸರು, ‘ಜೀವನಾಂಶ’ ಅನ್ನುವ ಪದ, ಮೂರೂ ಒಂದೇ ಸಾಲಿನಲ್ಲಿದ್ದವು. ಕಳಿಸಿಯಾಗಿದ್ದ 9ರಲ್ಲಿ ಅದೂ ಒಂದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫೋನ್ ಮಾಡಿದಾಗ ನಿಮ್ಮವರು ‘ಯಾರ ಹೆಸರೂ ಬರೋದಿಲ್ಲ ಮೇಡಂ, ಎಲ್ಲಾ ಅನಾಮಧೇಯ’ ಅಂದರು. ನನ್ನ ಹೆಸರು ಇಲ್ಲದಿರಬಹುದು. ಅವಳ ಹೆಸರಿತ್ತು ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ರಿಪೋರ್ಟ್ ಹೋಗುವುದನ್ನು ಬಂದ್ ಮಾಡಬಹುದಿತ್ತು ಅಂತಲೂ ಹೇಳಿದರು. ಆ ಟಿಕ್ ಮೂರು ಮೆನು ಒಳಗಿದೆ, ನೀವೇ ಮೊದಲೇ ಹಾಕಿಟ್ಟಿದ್ದೀರಿ. ಉಳಿದ ಮೆನು ಎಲ್ಲಾ ಕನ್ನಡದಲ್ಲಿದೆ, ಅದೊಂದು ಮಾತ್ರ ಇಂಗ್ಲಿಷಿನಲ್ಲಿದೆ. ಕೋಡ್ ಎಲ್ಲರಿಗೂ ತೆರೆದಿದೆ, ನೋಡಿಕೊಳ್ಳಬಹುದಿತ್ತು ಅನ್ನುವುದು ಇನ್ನೊಂದು ಮಾತು. ದಿನಕ್ಕೆ ನಲವತ್ತು ಪುಟ ಟೈಪ್ ಮಾಡುವವಳು ಪ್ರತಿ ಅಪ್‌ಡೇಟ್‌ಗೂ ಕೋಡ್ ಓದಲಿಕ್ಕಾಗುತ್ತದಾ?

ದೋಷ ಎಲ್ಲಿದೆ ಅಂತ ನಿಮಗೆ ತಿಳಿಯಬೇಕು, ಒಪ್ಪುತ್ತೇನೆ. ಕೇಳಿ ತೆಗೆದುಕೊಳ್ಳಿ. ಯಾವ ಪ್ಯಾಕೇಜ್ (ಸಾಫ್ಟ್‌ವೇರ್) ಬಳಸುತ್ತೀರಿ ಅನ್ನುವ ಲೆಕ್ಕ ಕಳಿಸಲಾ ಅಂತ ಡೆಬಿಯನ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಕೇಳುತ್ತದೆ. ಅಲ್ಲಿ ಉತ್ತರ ಮೊದಲೇ ‘ಬೇಡ’ ಅಂತಿರುತ್ತದೆ. 2021ರಲ್ಲಿ ಆಡಾಸಿಟಿ ಅನ್ನುವ ಧ್ವನಿ ಎಡಿಟಿಂಗ್ ಸಾಫ್ಟ್‌ವೇರ್‌ನವರು ಗೂಗಲ್ ಮತ್ತು ರಷ್ಯಾದ ಯಾಂಡೆಕ್ಸ್ ಕಂಪನಿ ಮೂಲಕ ಟೆಲಿಮೆಟ್ರಿ (ಬಳಕೆಯ ಮಾಹಿತಿ ತಾನಾಗಿ ಕಳಿಸುವುದು) ಸೇರಿಸಲು ಹೊರಟು, ಬಳಸುವವರು ವಿರೋಧಿಸಿದ ಮೇಲೆ ಕೈಬಿಟ್ಟರು. 2023ರಲ್ಲಿ ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ತಂಡವೂ ಜನರ ಮಾತು ಕೇಳಿ, ಇಂಥ ಮಾಹಿತಿಯನ್ನು ಒಪ್ಪಿದವರಿಂದ ಮಾತ್ರ ತೆಗೆದುಕೊಳ್ಳುವುದು ಅಂತ ಬದಲಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ನೋಡಿ. ಒಪ್ಪಿಗೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ 8ನೇ ಅನುಸೂಚಿಯ ಭಾಷೆಯಲ್ಲಾಗಲಿ ಓದಲು ಅವಕಾಶ ಇರಬೇಕು ಅಂತ ಅದರಲ್ಲಿದೆ. ಕನ್ನಡ ಆ ಪಟ್ಟಿಯಲ್ಲಿದೆ.

ಇನ್ನೊಂದು ಮಾತು. ನಾನೇ ಟಿಕ್ ಹಾಕಿ ಒಪ್ಪಿದ್ದರೂ, ಆ ಹೆಣ್ಣುಮಗಳ ಪರವಾಗಿ ಒಪ್ಪಲು ನನಗೆ ಹಕ್ಕಿಲ್ಲ. ಹಾಗಾಗಿ ಫೈಲ್ ಹೆಸರು, ಫೋಲ್ಡರ್ ಹೆಸರು ರಿಪೋರ್ಟಿಗೆ ಸೇರಲೇಬಾರದು. ಟಿಕ್ ಮೊದಲೇ ಹಾಕಿರಬಾರದು. ನನ್ನ ಕಂಪ್ಯೂಟರಿನಿಂದ ಹೋದ ಆ 9 ರಿಪೋರ್ಟ್ ಅಳಿಸಿ, ಅವನ್ನು ಯಾರು ಯಾರು ನೋಡಿದ್ದಾರೆ, ಬೇರೆ ಕಂಪನಿಗೆ ಕೊಟ್ಟಿದ್ದೀರಾ ಅಂತ ಬರೆದು ತಿಳಿಸಿ. ಫೋನಿನಲ್ಲಿ ಹೇಳಿದರೆ ಸಾಲದು.

ಆಕೆ ಕೋರ್ಟಿನ ಮುಂದಿನ ತಾರೀಖಿಗೆ, ಇನ್ನು 15 ದಿನಕ್ಕೆ ಬರುತ್ತಾಳೆ. ನಡೆದದ್ದನ್ನು ನಾನೇ ಅವಳಿಗೆ ಹೇಳಬೇಕು. ಅಷ್ಟರೊಳಗೆ ನಿಮ್ಮ ಉತ್ತರ ನನ್ನ ಕೈಯಲ್ಲಿರಲಿ.

ಇಂತಿ,
ನಿಮ್ಮ ಗ್ರಾಹಕಿ