ಮಲೆನಾಡಿನ ಮಳೆಗೆ ತಾಳುವ ಹಸು ಬೇಕು

ಮಾನ್ಯ ಸಂಪಾದಕರೇ,

ಹಸು ಸಾಕಣೆಯ ಮಾತು ಬಂದಾಗಲೆಲ್ಲ ಚರ್ಚೆಯು ವಿದೇಶಿ ತಳಿ ಒಳ್ಳೆಯದೋ ದೇಸಿ ತಳಿ ಒಳ್ಳೆಯದೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ತೋಟದ ಜೊತೆಗೆ ಮೂವತ್ತು ವರ್ಷಗಳಿಂದ ಕೊಟ್ಟಿಗೆಯನ್ನೂ ನಡೆಸಿಕೊಂಡು ಬಂದಿರುವ ನನ್ನಂಥವರಿಗೆ ಆ ಚರ್ಚೆಯಿಂದ ಪ್ರಯೋಜನವಾಗಿಲ್ಲ. ನಮ್ಮ ಮಳೆ, ಮೇವು ಮತ್ತು ಉಣುಗಿನ (ರಕ್ತ ಹೀರುವ ಉಣ್ಣೆಯ) ಕಾಟಕ್ಕೆ ಯಾವ ಹಸು ತಾಳಿಕೊಳ್ಳುತ್ತದೆ ಎಂಬುದಷ್ಟೇ ನಮಗೆ ಬೇಕಾದ ಉತ್ತರ. ನನ್ನ ಅನುಭವದಲ್ಲಿ ಅದು ಇಲ್ಲಿನದೇ ಚಿಕ್ಕ ಗಾತ್ರದ ತಳಿಯಾದ ಮಲೆನಾಡು ಗಿಡ್ಡ.

ವಿದೇಶಿ ತಳಿಯಾದ ಹೋಲ್‌ಸ್ಟೀನ್ ಫ್ರೀಸಿಯನ್ (ಎಚ್.ಎಫ್.) ಹಸುಗಳಿಂದ ಕೈಸುಟ್ಟುಕೊಂಡ ಕೆಲವರು ಈಗ ಗಿರ್, ಸಾಹಿವಾಲ್ ಹಸುಗಳನ್ನು ದುಬಾರಿ ಬೆಲೆ ತೆತ್ತು ತರುತ್ತಿದ್ದಾರೆ. ಅವು ಭಾರತದ ತಳಿಗಳೇ ಹೌದು; ಆದರೆ ಗಿರ್ ತಳಿಯ ತವರು ಗುಜರಾತಿನ ಸೌರಾಷ್ಟ್ರವಾದರೆ ಸಾಹಿವಾಲ್ ಪಂಜಾಬಿನ ಬಯಲಿನದು. ಒಣಹವೆಯ ಬಿಸಿಲನ್ನು ತಡೆಯಬಲ್ಲ ಹಸು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯ ನೆಲವೇ ಒಣಗದ ನಮ್ಮ ಊರಿನಲ್ಲಿ ಗೊರಸು ಕೊಳೆಯದೆ ಉಳಿಯುತ್ತದೆಂದು ನಂಬಿ ಸಾಲ ಮಾಡುವುದು ಸರಿಯಲ್ಲ. ಮಲೆನಾಡಿನ ಮಟ್ಟಿಗೆ ಅದೂ ಪರಸ್ಥಳದ ಹಸುವೇ.

ನಾನೂ ಒಮ್ಮೆ ಸಾಲ ಮಾಡಿ ಎಚ್.ಎಫ್. ಮಿಶ್ರತಳಿಯ ಹಸುವೊಂದನ್ನು ತಂದಿದ್ದೆ. ಮೊದಲ ಕರುವಿನಲ್ಲಿ ಅದು ದಿನಕ್ಕೆ ಹದಿನೈದು ಲೀಟರಿನವರೆಗೆ ಹಾಲು ಕೊಟ್ಟಾಗ ಮನೆಯವರೆಲ್ಲ ಹಿಗ್ಗಿದ್ದೆವು. ಎರಡನೆಯ ಮಳೆಗಾಲದಲ್ಲಿ ಜ್ವರ ಬಂದು, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿತು. ಉಣುಗಿನಿಂದ ಹರಡುವ ಆ ರೋಗಕ್ಕೆ ಚಿಕಿತ್ಸೆ ಸಿಗುವಷ್ಟರಲ್ಲಿ ಹಸು ನೆಲಹಿಡಿದಿತ್ತು. ಅದನ್ನು ತೋಟದಂಚಿನಲ್ಲಿ ಹೂಳಿದ ದಿನ ನನಗೆ ಇನ್ನೂ ಮರೆತಿಲ್ಲ. ಅದೇ ಕೊಟ್ಟಿಗೆಯಲ್ಲಿ, ಅದೇ ಉಣುಗು ಕಚ್ಚಿಸಿಕೊಂಡ ಮೂರು ಗಿಡ್ಡ ಹಸುಗಳಿಗೆ ಏನೂ ಆಗಲಿಲ್ಲ.

ಮಲೆನಾಡು ಗಿಡ್ಡ ಹಸುವಿನ ತೂಕ ಸುಮಾರು ನೂರು ಕಿಲೋ. ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ), ಕಾಡಂಚಿನಲ್ಲಿ ಮೇಯ್ದು ಬಂದು, ಒಂದಿಷ್ಟು ಹುಲ್ಲು, ಅಕ್ಕಚ್ಚು (ಅಕ್ಕಿ ತೊಳೆದ ನೀರು) ಸಿಕ್ಕರೆ ಅದಕ್ಕೆ ಸಾಕು. ಎಚ್.ಎಫ್. ಹಸುವಿಗಾದರೆ ದಿನಕ್ಕೆ ಇಪ್ಪತ್ತೈದು ಕಿಲೋದಷ್ಟು ಹಸಿ ಮೇವು ಬೇಕು. ಜೊತೆಗೆ ಮೈ ಕಾಪಾಡಿಕೊಳ್ಳಲೆಂದು ಒಂದೆರಡು ಕಿಲೋ ಹಿಂಡಿ, ಕೊಡುವ ಪ್ರತಿ ಲೀಟರ್ ಹಾಲಿಗೆ ಮತ್ತೆ ಅರ್ಧ ಕಿಲೋದಷ್ಟು. ಕೊಳವೆಬಾವಿಯ ನೀರಿನಲ್ಲಿ ಮುಸುಕಿನ ಜೋಳ ಬೆಳೆದು, ಹೈನಿನಿಂದಲೇ ಸಂಸಾರ ನಡೆಸುವ ಕೋಲಾರದ ರೈತರಿಗೆ ಆ ಲೆಕ್ಕ ಹೊಂದುತ್ತದೆ, ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ತೋಟ, ಗದ್ದೆ ಬಿಟ್ಟರೆ ಮೇವು ಬೆಳೆಯಲು ಜಾಗವಿಲ್ಲದ ನಮಗೆ ಹೊಂದುವುದಿಲ್ಲ. ಹಾಲು ಮಾರಲೇಬೇಕಾದವರು ಇಲ್ಲಿ ಗಾತ್ರದಲ್ಲಿ ಚಿಕ್ಕದಾದ ಜರ್ಸಿ ಮಿಶ್ರತಳಿಯ ಒಂದೆರಡು ಹಸುಗಳಿಗೆ ಮಿತಿಗೊಳ್ಳುವುದು ಕ್ಷೇಮವೆಂದು ನನ್ನ ಅನಿಸಿಕೆ.

ಗಿಡ್ಡ ಹಸು ದಿನಕ್ಕೆ ಕೊಡುವುದು ಒಂದೆರಡು ಲೀಟರ್ ಹಾಲನ್ನಷ್ಟೇ. ಅದು ಮನೆ ಬಳಕೆಗೇ ಮುಗಿಯುವುದರಿಂದ, ಸಹಕಾರ ಸಂಘಕ್ಕೆ ಹಾಕಿದ ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ಇದನ್ನು ಸಾಕಿದವರಿಗೆ ದಕ್ಕುವುದಿಲ್ಲ. ಆದರೆ ನಮ್ಮ ತೋಟಗಳು ತಲೆಮಾರುಗಳಿಂದ ನಿಂತಿರುವುದು ಇವುಗಳ ಸಗಣಿ ಬೆರೆತ ಸೊಪ್ಪಿನ ಗೊಬ್ಬರದ ಮೇಲೆ. ಆ ಗೊಬ್ಬರವನ್ನು ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿದದ್ದನ್ನು ನಾನು ಕಂಡಿಲ್ಲ.

ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಮಲೆನಾಡು ಗಿಡ್ಡವನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಆದರೂ ಊರೂರಿನಲ್ಲಿ ಒಳ್ಳೆಯ ಹೋರಿಗಳು ಕಾಣೆಯಾಗಿವೆ. ಬೆದೆಗೆ ಬಂದ ಗಿಡ್ಡಕ್ಕೆ ಬೇರೆ ದಾರಿಯಿಲ್ಲದೆ ದೊಡ್ಡ ತಳಿಯ ವೀರ್ಯ ಕೊಡಿಸಿ, ಹೊಟ್ಟೆಯಲ್ಲಿ ಕರು ತೀರಾ ದೊಡ್ಡದಾಗಿ ಬೆಳೆದು ಈಯಲಾಗದೆ ಹಸು ಒದ್ದಾಡುವುದನ್ನು ನೆರೆಹೊರೆಯಲ್ಲಿ ಕಂಡಿದ್ದೇನೆ. ಪಶುಪಾಲನಾ ಇಲಾಖೆಯು ಮಲೆನಾಡಿನ ಪ್ರತಿಯೊಂದು ಪಶು ಚಿಕಿತ್ಸಾಲಯದಲ್ಲಿ ಗಿಡ್ಡ ತಳಿಯ ವೀರ್ಯ ಸದಾ ಸಿಗುವಂತೆ ಮಾಡಬೇಕು. ಪಂಚಾಯಿತಿಗೊಂದರಂತೆ ಆಯ್ದ ಹೋರಿಯನ್ನು ಸಾಕಲು ಮುಂದೆ ಬರುವ ರೈತರಿಗೆ ಅದರ ಮೇವಿನ ವೆಚ್ಚವನ್ನು ಭರಿಸಬೇಕು. ಮುಂದಿನ ಮಳೆಗಾಲಕ್ಕೆ ಮುನ್ನವೇ ಈ ಕೆಲಸ ಆರಂಭವಾಗಲಿ ಎಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು