ಅವ್ವನ ಬೇನೆ ಕೀಲುಗಳದ್ದಷ್ಟೇ ಅಲ್ಲ

ಲೆಸ್ಟರ್, ಇಂಗ್ಲೆಂಡ್

ತೀರ್ಥರೂಪ ಸಮಾನರಾದ ಅಣ್ಣನವರಿಗೆ ನಿಮ್ಮ ತಂಗಿಯ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ.

ಅವ್ವ ವೀರನಾರಾಯಣ ಗುಡಿಗೆ ಹೋಗುವುದನ್ನು ಬಿಟ್ಟಿದ್ದಾಳೆ, ಓಣಿಯ ಹೆಂಗಸರು ಬಂದರೆ ಒಳಗೆ ಹೋಗಿ ಮಲಗುತ್ತಾಳೆ, ನಸುಕಿನಲ್ಲೇ ಎಚ್ಚರಾಗಿ ಸುಮ್ಮನೆ ಕುಳಿತಿರುತ್ತಾಳೆ ಎಂದು ವೈನಿ ಫೋನಿನಲ್ಲಿ ಹೇಳಿದರು. ವಯಸ್ಸು, ಸಂಧಿವಾತ, ಇನ್ನೇನು ಎಂದಿರಿ ನೀವು. ಆದರೆ ಬಾವು ಇಳಿದು ಬೆರಳು ಮಡಚಲು ಬರುವ ದಿನಗಳಲ್ಲೂ ಅವಳಿಗೆ ಯಾವುದರಲ್ಲೂ ಆಸಕ್ತಿ ಇಲ್ಲವೆಂದರೆ, ಅದು ಖಿನ್ನತೆ ಇರಬಹುದು ಎಂಬ ಅನುಮಾನ ನನ್ನದು.

ಅವ್ವನಿಗಿರುವ ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುತ್ತದೆ. ಆಗ ರಕ್ತದಲ್ಲಿ ಹೆಚ್ಚಾಗುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ದ್ರವ್ಯಗಳು ಕೀಲುಗಳಿಗೆ ಮಾತ್ರ ಸೀಮಿತವಾಗದೆ ನಿದ್ದೆ, ಚೈತನ್ಯ, ಮನಃಸ್ಥಿತಿಗಳನ್ನೂ ಕೆಡಿಸಬಲ್ಲವು. ನಿತ್ಯದ ನೋವು, ಪರಾವಲಂಬನೆ ಅದಕ್ಕೆ ಕೂಡಿಕೊಳ್ಳುತ್ತವೆ. 72 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಇಂಥ ರೋಗಿಗಳಲ್ಲಿ ಸುಮಾರು ಶೇ. 17ರಷ್ಟು ಮಂದಿಗೆ ತೀವ್ರ ಖಿನ್ನತೆ ಇತ್ತು. ಆದ್ದರಿಂದ ಇದು ಅವ್ವನ ಮನೋಬಲದ ಕೊರತೆಯಲ್ಲ; ಇಲ್ಲಿ ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ಈ ರೋಗದ ತಪಾಸಣೆ ಮಾಡುವಾಗ ಖಿನ್ನತೆಯನ್ನೂ ನೋಡಬೇಕೆಂದು ವೈದ್ಯಕೀಯ ಮಾರ್ಗಸೂಚಿಯಲ್ಲೇ ಇದೆ.

ಇನ್ನೊಂದು ತೊಡಕೂ ಇದೆ. ರೋಗದ ತೀವ್ರತೆಯನ್ನು ಅಳೆಯುವಾಗ ವೈದ್ಯರು 28 ಕೀಲುಗಳ ಬಾವು, ನೋವು, ಉರಿಯೂತ ಎಷ್ಟಿದೆಯೆಂದು ತಿಳಿಸುವ ಇಎಸ್‌ಆರ್ ಎಂಬ ರಕ್ತಪರೀಕ್ಷೆ ಇವುಗಳ ಜೊತೆಗೆ ‘ನಿಮಗೆ ಹೇಗನಿಸುತ್ತದೆ’ ಎಂಬ ಪ್ರಶ್ನೆಗೆ ರೋಗಿ ಕೊಡುವ ಅಂಕವನ್ನೂ ಸೇರಿಸುತ್ತಾರೆ. ಮನಸ್ಸು ಕುಗ್ಗಿದವರು ಬಾವು ಇಲ್ಲದಿದ್ದರೂ ಹೆಚ್ಚು ನೋವು ಹೇಳುತ್ತಾರೆ, ಆ ನೋವು ಸುಳ್ಳೂ ಅಲ್ಲ. ಆದರೆ ಒಟ್ಟು ಅಂಕ ಏರಿತೆಂದು ಕೀಲಿನ ಔಷಧವನ್ನಷ್ಟೇ ಹೆಚ್ಚಿಸಿದರೆ ಮೂಲ ತೊಂದರೆ ಅಲ್ಲಿಯೇ ಉಳಿಯುತ್ತದೆ. ಹಾಗಾಗಿ ಹುಬ್ಬಳ್ಳಿಯ ಡಾಕ್ಟರರಿಗೆ ವೈನಿ ಕಂಡಿದ್ದೆಲ್ಲವನ್ನೂ ಬಿಡಿಸಿ ಹೇಳಿ. ಅವ್ವ ತಾನಾಗಿ ಹೇಳುವವಳಲ್ಲ, ಕೇಳಿದರೆ ‘ಆರಾಮ ಅದೀನಿ’ ಎಂದುಬಿಡುತ್ತಾಳೆ.

ಆ ಡಾಕ್ಟರರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳುಹಿಸಿದರೆ ದಯವಿಟ್ಟು ಹಿಂಜರಿಯಬೇಡಿ. ಜನ ಆ ಆಸ್ಪತ್ರೆಯನ್ನು ಏನೆಂದು ಕರೆಯುತ್ತಾರೋ ನನಗೂ ಗೊತ್ತು, ಕರೆಯಲಿ. ಅಲ್ಲಿ ಹೊಸ ಗುಳಿಗೆ ಬರೆದರೆ ಅವ್ವ ನುಂಗುವ ನೋವಿನ ಗುಳಿಗೆಗಳನ್ನು ತೋರಿಸಲೇಬೇಕು, ಏಕೆಂದರೆ ಖಿನ್ನತೆಯ ಕೆಲವು ಔಷಧಗಳು ಅವುಗಳೊಡನೆ ಸೇರಿದಾಗ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸಂಧಿವಾತದ ಗುಳಿಗೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ಎಂಬುದನ್ನು ನೀವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿಕೊಳ್ಳಿ.

ವೈನಿಯವರ ಮೇಲೆ ನನಗೆ ಬೇಸರವಿಲ್ಲ. ರೊಟ್ಟಿ ಬಡಿಯುವುದರಿಂದ ಹಿಡಿದು ಎಲ್ಲವನ್ನೂ ಅಕ್ಕರೆಯಿಂದಲೇ ಅವರು ತಮ್ಮ ಮೇಲೆ ಹಾಕಿಕೊಂಡಿದ್ದಾರೆ. ಆದರೂ ‘ನನ್ನಿಂದ ಯಾರಿಗೇನು ಉಪಯೋಗ’ ಎಂದು ಅವ್ವ ಅಂದಳಂತೆ. ಸಂತೆಯ ಲೆಕ್ಕ, ಇಂದೇನು ಅಡುಗೆ ಎಂಬ ತೀರ್ಮಾನ, ಇಂಥವನ್ನಾದರೂ ಮತ್ತೆ ಅವಳಿಗೆ ಬಿಡಿ. ಆ ಮಾತು ಇನ್ನೊಮ್ಮೆ ಬಂದರೆ, ಸಾಯಬೇಕು ಎನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿ; ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬಳನ್ನೇ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲಿರುಳು ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹುಬ್ಬಳ್ಳಿಗೆ ಹೋಗುವ ದಿನ ಗೊತ್ತಾದ ಕೂಡಲೇ ತಿಳಿಸಿ, ಡಾಕ್ಟರರ ಮುಂದೆ ಇರುವಾಗ ನನಗೂ ಫೋನ್ ಹಚ್ಚಿ. ಮಕ್ಕಳಿಗೆ ಆಶೀರ್ವಾದಗಳು.

ಇಂತಿ,
ನಿಮ್ಮ ತಂಗಿ