ಸೋತರೆ ಯಾರ ತಲೆಗೆ?

ತೀರ್ಥಹಳ್ಳಿ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಆರಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆ. ನಿನ್ನ ಪತ್ರದ ಕೊನೆಯಲ್ಲಿ, "ಆರಿಸುವವಳು ನಾನು, ಆಡುವವರು ಅವರು. ಸೋತರೆ ನನ್ನ ತಲೆಗೇ ಬರುತ್ತೆ ಮಾವ, ಆಮೇಲೆ ಯಾರೂ ಕರೆಯೋದಿಲ್ಲ" ಅಂತ ಬರೆದಿದ್ದೀಯಲ್ಲ, ಅದು ನನ್ನನ್ನು ಕೊರೆಯುತ್ತಿದೆ.

ತಲೆಗೆ ಬರುತ್ತೆ, ಹೌದು. ಇಲ್ಲ ಅಂತ ಸುಳ್ಳು ಸಮಾಧಾನ ಹೇಳಲಾರೆ. ಆದರೆ ಯಾರೂ ಕರೆಯೋದಿಲ್ಲ ಅನ್ನುವ ಮಾತಿಗೆ ಜೆರ್ರಿ ಕೊಲಾಂಜೆಲೊ ಅವರನ್ನು ನೋಡು. 1968ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿಗೆ ಬಂದ ಫೀನಿಕ್ಸ್ ಸನ್ಸ್ ಎಂಬ ಹೊಸ ತಂಡಕ್ಕೆ, ಆಟಗಾರರನ್ನು ಆರಿಸಿ ತಂಡ ಕಟ್ಟುವ ಜನರಲ್ ಮ್ಯಾನೇಜರ್ ಆದಾಗ ಅವರಿಗೆ 28 ವರ್ಷ. ಮೊದಲ ಸೀಸನ್ನಿನ 82 ಆಟಗಳಲ್ಲಿ ಗೆದ್ದದ್ದು 16. ಹೊಸ ಆಟಗಾರರನ್ನು ಆರಿಸುವಾಗ ಮೊದಲ ಸರದಿ ಫೀನಿಕ್ಸ್‌ನದೋ ಮಿಲ್ವಾಕಿ ತಂಡದ್ದೋ ಅಂತ 1969ರಲ್ಲಿ ನಾಣ್ಯ ಚಿಮ್ಮಿದರು. ಅಭಿಮಾನಿಗಳ ಮತ ಕೇಳಿ ಫೀನಿಕ್ಸ್‌ನವರು ಹೆಡ್ ಅಂದರು, ಟೇಲ್ ಬಿತ್ತು. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಆಟಗಾರ ಮಿಲ್ವಾಕಿಗೆ ಹೋದ, 1971ರಲ್ಲಿ ಮಿಲ್ವಾಕಿ ಚಾಂಪಿಯನ್ ಆಯಿತು. ಸನ್ಸ್ 1976ರಲ್ಲೂ 1993ರಲ್ಲೂ ಫೈನಲ್‌ವರೆಗೆ ಬಂದು ಸೋತಿತು. ಕೊಲಾಂಜೆಲೊ ಕಾಲದಲ್ಲಿ ಆ ಪಟ್ಟ ದಕ್ಕಲೇ ಇಲ್ಲ. ಆದರೂ 2005ರಲ್ಲಿ ಅಮೆರಿಕದ ರಾಷ್ಟ್ರೀಯ ತಂಡ ಕಟ್ಟುವುದಕ್ಕೆ ಕರೆದದ್ದು ಅವರನ್ನೇ!

ಅದರ ಹಿಂದಿನ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆ ದೇಶ ಮೂರು ಆಟ ಸೋತು ಕಂಚಿಗೆ ಇಳಿದಿತ್ತು. ಆಗೆಲ್ಲ ಸಮಿತಿ ಕೂತು ಆರಿಸುತ್ತಿತ್ತು. ಸಮಿತಿ ಆರಿಸಿದ ತಂಡ ಸೋತರೆ ಯಾರ ತಲೆಗೂ ಬರುವುದಿಲ್ಲ, ಸರಿಮಾಡುವವರೂ ಇರುವುದಿಲ್ಲ. ಕೊಲಾಂಜೆಲೊ ಆಯ್ಕೆಯ ಅಧಿಕಾರ ಪೂರ್ತಿ ತಮ್ಮ ಕೈಗೇ ಬೇಕು ಅಂದರು. ನೀನು ಯಾವುದಕ್ಕೆ ಹೆದರುತ್ತಿದ್ದೀಯೋ ಅದನ್ನು ಅವರು ಕೇಳಿ ಪಡೆದರು ಪುಟ್ಟಿ. ಆಟಗಾರರನ್ನು ಒಬ್ಬೊಬ್ಬರಾಗಿ ಕಂಡು, ಮೂರು ವರ್ಷ ಜೊತೆಗಿರುತ್ತೀರಾ ಅಂತ ಮಾತು ತಗೊಂಡರು. 2006ರ ವಿಶ್ವ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಗ್ರೀಸ್ ತಂಡ ಪಿಕ್ ಅಂಡ್ ರೋಲ್ (ಒಬ್ಬ ಎದುರಾಳಿಗೆ ಅಡ್ಡ ನಿಂತು, ಆಮೇಲೆ ಬುಟ್ಟಿಯ ಕಡೆ ಓಡಿ ಪಾಸ್ ಪಡೆಯುವ ತಂತ್ರ) ಒಂದನ್ನೇ ಮತ್ತೆ ಮತ್ತೆ ಆಡಿ, 101–95ರಿಂದ ಇವರನ್ನು ಸೋಲಿಸಿತು. ಅಷ್ಟಾದರೂ ಕೋಚ್ ಮೈಕ್ ಶಶೆಫ್ಸ್ಕಿಯನ್ನು ಬದಲಿಸಲಿಲ್ಲ. ಕೋಬಿ ಬ್ರಯಾಂಟ್, ಜೇಸನ್ ಕಿಡ್‌ರಂಥ ಆಟಗಾರರು ಬಂದು ಸೇರಿಕೊಂಡರು. 2008ರಲ್ಲಿ ಬೀಜಿಂಗ್ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 118–107, ಚಿನ್ನ.

ಇದನ್ನೆಲ್ಲ ಎದುರಿಗೆ ಕೂರಿಸಿ ಹೇಳುವವರು ನನ್ನ ಪ್ರಾಯದಲ್ಲಿ ಸಿಕ್ಕಿದ್ದರೆ ನಾನೂ ತಂಡದ ಕೆಲಸ ಬಿಡುತ್ತಿರಲಿಲ್ಲವೇನೋ. ಹೋಗಲಿ ಬಿಡು.

ಕೇಳದೆ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಹನ್ನೆರಡು ಜನರಲ್ಲಿ ಬಾಸ್ಕೆಟ್ ಹಾಕುವವರನ್ನೇ ತುಂಬಬೇಡ, ಇರುವುದು ಒಂದೇ ಚೆಂಡು. ಚೆಂಡು ಒಯ್ದು ಆಟ ನಡೆಸುವ ಪಾಯಿಂಟ್ ಗಾರ್ಡ್ ಇಬ್ಬರಾದರೂ ಇರಲಿ. ಐದು ಫೌಲ್ ಆಗಿ ಒಬ್ಬಳು ಹೊರಬಿದ್ದರೆ ಚೆಂಡನ್ನು ಆ ಕಡೆಗೆ ದಾಟಿಸುವವರೇ ಇಲ್ಲದೆ ಆಟ ಕೈಬಿಟ್ಟು ಹೋಗುತ್ತೆ. ಯಾರನ್ನು ಯಾಕೆ ತಗೊಂಡೆ, ಯಾಕೆ ಬಿಟ್ಟೆ ಅಂತ ಒಂದೊಂದು ಸಾಲು ನೋಟ್‌ಬುಕ್ಕಿನಲ್ಲಿ ಬರೆದಿಡು. ಬಿಟ್ಟ ಹುಡುಗಿಗೆ ಪಟ್ಟಿ ಅಂಟಿಸುವ ಮೊದಲೇ ನೀನೇ ಕರೆದು ಹೇಳು. ನಾಳೆ ಸೋತಾಗ ಅವಳಪ್ಪ ಬಂದು ಕೇಳಿದರೆ ಆ ಸಾಲು ನಿನ್ನ ಕೈಯಲ್ಲಿರುತ್ತೆ. ತಲೆಗೆ ಬಂದದ್ದನ್ನು ಹೊರುವುದಕ್ಕೆ ನನಗೆ ಗೊತ್ತಿರುವ ಉಪಾಯ ಇಷ್ಟೇ.

ಪಂದ್ಯದ ದಿನ ಆಟಗಾರ್ತಿಯರ ಪಟ್ಟಿ 40 ನಿಮಿಷ ಮೊದಲೇ ಸ್ಕೋರರ್ ಕೈ ಸೇರಬೇಕು. ಜೆರ್ಸಿ ನಂಬರನ್ನು ಜೆರ್ಸಿ ನೋಡಿಯೇ ಬರೆ, ನೆನಪಿನಿಂದ ಬೇಡ. ತಿಳಿ ಬಣ್ಣದ್ದು, ಗಾಢ ಬಣ್ಣದ್ದು ಎರಡೂ ಸೆಟ್ ಬ್ಯಾಗಿನಲ್ಲಿರಲಿ. ಚೆಂಡು 6ನೇ ಸೈಜಿನದೇ ತಾನೇ? ಹುಡುಗರ 7ರಲ್ಲಿ ಅಭ್ಯಾಸ ಮಾಡಿಸಿದರೆ ಶೂಟಿಂಗ್ ಅಂದಾಜೇ ತಪ್ಪುತ್ತೆ.

ಆಯ್ಕೆ ಟ್ರಯಲ್ ಮಳೆಗಾಲದಲ್ಲಿ ಅಂದಿದ್ದೀಯ. ನಮ್ಮ ಕಡೆ ಸಿಮೆಂಟ್ ಕೋರ್ಟಿನಲ್ಲಿ ಬುಟ್ಟಿಯ ಕೆಳಗೆ, ನೀರು ನಿಲ್ಲುವ ಕಡೆಯೇ ಪಾಚಿ ಕಟ್ಟುವುದು, ಓಡಿಬಂದು ಹತ್ತಿರದಿಂದ ಲೇ-ಅಪ್ ಹಾಕಿ ಕಾಲೂರುವುದೂ ಅಲ್ಲೇ. ಜಾರುವ ಭಯಕ್ಕೆ ಎಲ್ಲರೂ ಅರ್ಧ ವೇಗದಲ್ಲಿ ಓಡಿದರೆ ಚುರುಕಿನವಳು ಯಾರು ಅಂತ ನಿನಗೆ ತಿಳಿಯುವುದಿಲ್ಲ. ಹಿಂದಿನ ದಿನವೇ ಬ್ಲೀಚಿಂಗ್ ಪುಡಿ ಹಾಕಿಸಿ, ಗಟ್ಟಿ ಪೊರಕೆಯಲ್ಲಿ ಉಜ್ಜಿಸಿ ತೊಳೆಸು. ಮಳೆ ಬಿಡದಿದ್ದರೆ ದಿನ ಮುಂದೂಡು, ಯಾರು ಏನೇ ಅಂದರೂ.

ಟ್ರಯಲ್ ತಾರೀಖು ಗೊತ್ತಾದ ಕೂಡಲೇ ತಿಳಿಸು.

ನಿನ್ನ ಮಾವ